ನಡುವೆ ಉಬ್ಬಿದ ನಕ್ಷತ್ರ

ಹೊಲಿಗೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ‘ಮೇಡಂ, ಎಷ್ಟು ಥರದ ಬ್ಲೌಸ್ ಗೊತ್ತಿರಬೇಕು?’ ಎಂದು. ಬ್ಲೌಸಿನ ಚಿಂತೆ ಬಿಡಿ, ಅದನ್ನು ಈಗ ಫೋನೇ ಕಲಿಸುತ್ತದೆ. ನಿಮಗೆ ಗೊತ್ತಿರಬೇಕಾದ್ದು ಬಟ್ಟೆಯ ಎಳೆ. ಉದ್ದಕ್ಕೆ ಹೋಗುವ ಎಳೆ, ಅಡ್ಡಕ್ಕೆ ಹೋಗುವ ಎಳೆ, ಇವೆರಡರ ನಡುವೆ ಓರೆಯಾಗಿ ಹಿಡಿದು ಎಳೆದಾಗ ಬಟ್ಟೆ ರಬ್ಬರಿನ ಹಾಗೆ ಹಿಗ್ಗುವ ದಿಕ್ಕು. ಈ ಓರೆ ದಿಕ್ಕಿಗೆ ನಮ್ಮಲ್ಲಿ ಕ್ರಾಸ್ ಎನ್ನುತ್ತಾರೆ. ಕೆಲಸದ ಕೊನೆಯ ವರ್ಷ ನನ್ನ ನೆಮ್ಮದಿಯನ್ನು ಪೂರ್ತಿ ಕೆಡಿಸಿದ್ದು ಈ ಕ್ರಾಸ್. ಅದನ್ನೇ ಬರೆಯುತ್ತೇನೆ. ಬಡ್ತಿ, ಹಾರ, ಬೀಳ್ಕೊಡುಗೆ ಎಲ್ಲರಿಗೂ ಆಗುತ್ತವೆ; ಅವುಗಳಿಂದ ನಿಮಗೆ ಪ್ರಯೋಜನವಿಲ್ಲ.

ನಾನು ಬಾಣಾವರದವಳು. ಮನೆಯಲ್ಲಿ ಕೊಬ್ಬರಿ ವ್ಯಾಪಾರ. ಓದಿದ್ದು ಮಠದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಊಟ. ಸುತ್ತಿಟ್ಟ ಚಾಪೆಯ ಅಂಚು ಸಮವಾಗಿಲ್ಲದಿದ್ದರೆ ಮತ್ತೆ ಬಿಚ್ಚಿ ಸುತ್ತಬೇಕು. ಈಗಲೂ ನನ್ನ ಮನೆಯಲ್ಲಿ ಯಾರಾದರೂ ಟವೆಲನ್ನು ಸೊಟ್ಟಗೆ ಒಣಗಿಹಾಕಿದರೆ ನಾನು ಅನ್ನದ ತಟ್ಟೆ ಬಿಟ್ಟು ಎದ್ದು ಹೋಗಿ ನೆಟ್ಟಗೆ ಮಾಡಿ ಬರುತ್ತೇನೆ. ಮಗಳು ನಗುತ್ತಾಳೆ. ನಗಲಿ.

ಅರಸೀಕೆರೆಯ ತರಬೇತಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿ ರುದ್ರಾಣಮ್ಮ ಎಂಬ ಹಿರಿಯ ಶಿಕ್ಷಕಿ ಇದ್ದರು. ನನಗೆ ಸಿಕ್ಕಿದ ಮೊದಲ ಮೇಲಧಿಕಾರಿ ಅವರು. ನಾವು ಹೊಲಿದು ಕೊಟ್ಟದ್ದನ್ನು ಮೇಜಿನ ಮೇಲೆ ಹಾಸಿ, ಕಣ್ಣು ಬೇರೆ ಕಡೆಗಿಟ್ಟುಕೊಂಡು, ಅಂಗೈಯನ್ನು ಅದರ ಮೇಲೆ ಆಡಿಸುತ್ತಿದ್ದರು. ಕೈಗೆ ಎಲ್ಲಾದರೂ ಉಬ್ಬು ಸಿಕ್ಕಿತೋ, ಎರಡೇ ಮಾತು. ‘ಮಲಗಲಿಲ್ಲ. ಬಿಚ್ಚು.’ ಹೊಲಿಗೆ ಮೇಜಿನ ಮೇಲೆ ಮಲಗಬೇಕು, ಅಷ್ಟೇ ಅವರ ಶಾಸ್ತ್ರ. ಕಾಲರು, ತೋಳು, ದಿಂಬಿನ ಚೀಲ ಯಾವುದಾದರೂ ಸರಿ. ನಾನು ಅವರಿಂದ ಬೈಸಿಕೊಂಡು ಕಲಿತೆ; ಆಮೇಲೆ ಅದೇ ಎರಡು ಮಾತಿನಿಂದ ಬೇರೆಯವರನ್ನು ಬೈದು ಕಲಿಸಿದೆ.

ಎಲ್ಲ ಮೇಲಧಿಕಾರಿಗಳೂ ಹಾಗಿರಲಿಲ್ಲ. ರುದ್ರಾಣಮ್ಮನ ನಂತರ ಬಂದ ಒಬ್ಬರಿಗೆ ಬಟ್ಟೆಯ ವಿಷಯವೇ ಗೊತ್ತಿರಲಿಲ್ಲ, ಆದರೆ ಖರೀದಿಗೆ ತಾವೇ ಹೋಗಬೇಕು. ಒಂದು ಶಾಲೆಯ ಬ್ಯಾಂಡ್ ತಂಡಕ್ಕೆ ಸಮವಸ್ತ್ರ ಹೊಲಿಯುವ ಕೆಲಸ ಬಂದಾಗ ಅವರು ಎರಡು ಅಂಗಡಿಯಿಂದ ಎರಡು ಥಾನು ನೀಲಿ ಬಟ್ಟೆ ತಂದರು. ಕೊಠಡಿಯೊಳಗೆ ಎರಡೂ ಒಂದೇ ನೀಲಿ. ಹುಡುಗರು ಮೈದಾನದಲ್ಲಿ ಬಿಸಿಲಿಗೆ ನಿಂತಾಗ ನೋಡಿದರೆ ಅರ್ಧ ಹುಡುಗರು ಶಾಯಿ ಬಾಟಲಿಯಂತೆಯೂ ಅರ್ಧ ಹುಡುಗರು ಹಸಿರು ಬಳೆಯಂತೆಯೂ ಕಾಣುತ್ತಿದ್ದರು. ಡೊಳ್ಳಿನವನಿಗೆ ಅಂಗಿ ಒಂದು ಬಣ್ಣ, ಚಡ್ಡಿ ಇನ್ನೊಂದು. ಮೇಲಧಿಕಾರಿಗಳು ನನ್ನ ಕಡೆ ತಿರುಗಿ, ‘ದಾರದ ತಪ್ಪಿರಬೇಕು’ ಎಂದರು. ಅಂದಿನಿಂದ ಬಟ್ಟೆಯನ್ನು ಬಿಸಿಲಿಗೆ ಒಯ್ದು ನೋಡದೆ ನಾನು ಕತ್ತರಿ ಹಾಕಿದವಳಲ್ಲ. ನೀವೂ ಹಾಕಬೇಡಿ.

ಕೊನೆಯ ಕೆಲವು ವರ್ಷ ನನ್ನನ್ನು ಹಳೇಬೀಡಿಗೆ ಹಾಕಿದರು. ಮನೆ ಅರಸೀಕೆರೆಯಲ್ಲೇ. ಬೆಳಗಿನ ಬಸ್ಸು ಹಿಡಿದು ಜಾವಗಲ್ ಮೇಲೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನನಗೆ ಕೂತಿರಲು ಆಗುತ್ತಿರಲಿಲ್ಲ. ಜಾವಗಲ್ ದಾಟುವಷ್ಟರಲ್ಲಿ ಎದ್ದು ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ‘ಅಮ್ಮಾ, ನೀವು ನಿಂತ್ಕಂಡ್ರೆ ಬಸ್ಸು ಬೇಗ ಹೋಯ್ತದಾ?’ ಎಂದು ಕಂಡಕ್ಟರ್ ಕೇಳುತ್ತಿದ್ದ. ಹೋಗುವುದಿಲ್ಲ. ಆದರೂ ನಿಲ್ಲುತ್ತಿದ್ದೆ.

ಹಳೇಬೀಡಿನ ಕೇಂದ್ರವೆಂದರೆ ಒಂದು ಉದ್ದನೆಯ ಕೊಠಡಿ, ಹೊಲಿಗೆ ಮೆಷಿನ್ನುಗಳು, ಕತ್ತರಿಸುವ ದೊಡ್ಡ ಮೇಜು. ಅಲ್ಲಿ ತರಬೇತಿ ಮುಗಿಸಿಯೂ ಬಿಡದೆ ಬರುತ್ತಿದ್ದ ಕೆಲವು ಹೆಂಗಸರಿದ್ದರು. ಸುತ್ತಲಿನ ಹಳ್ಳಿಗಳ ಬ್ಲೌಸುಗಳೆಲ್ಲ ಅವರ ಕೈಯಲ್ಲೇ ಆಗುತ್ತಿದ್ದುದು. ಅವರಲ್ಲಿ ಇಬ್ಬರನ್ನು ನಿಮಗೆ ಹೇಳಬೇಕು. ಒಬ್ಬಳು ಹಗರೆಯ ಗಂಗಮ್ಮ. ಹಸು ಕರೆದು, ಡೇರಿಗೆ ಹಾಲು ಹಾಕಿ, ಬಸ್ಸಿನಲ್ಲಿ ಬರುತ್ತಿದ್ದಳು. ಕೈಗಿಂತ ಬಾಯಿ ಚುರುಕು, ಕೈಯೂ ಕಡಿಮೆಯೇನಲ್ಲ. ಇನ್ನೊಬ್ಬಳು ಬಸ್ತಿಹಳ್ಳಿಯ ನಂದಿನಿ. ಡಿಗ್ರಿ ಮುಗಿಸಿದ ಹುಡುಗಿ, ಫೋನಿನಲ್ಲಿ ಬರೆಯದ ಚಿತ್ರವಿಲ್ಲ.

ನನ್ನ ನಿವೃತ್ತಿಗೆ ಒಂದು ವರ್ಷವಿದೆ ಎನ್ನುವಾಗ ನಮ್ಮ ಮೇಲ್ವಿಚಾರಕರಾದ ಶಿವಲಿಂಗಪ್ಪನವರು ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಕಾಫಿ ಕೊಟ್ಟೇ ಹೇಳುವವರು.

‘ಮೇಡಂ, ನೀವು ಹೋದ ಮೇಲೆ ನಿಮ್ಮ ಜಾಗಕ್ಕೆ ಯಾರನ್ನೂ ಹಾಕಲ್ಲವಂತೆ. ಹೊಲಿಗೆ ವಿಭಾಗ ಮುಚ್ಚಿ ಆ ರೂಮನ್ನ ಗೋದಾಮು ಮಾಡ್ತಾರಂತೆ.’

‘ಯಾಕೆ ಸಾರ್?’

‘ಬ್ಲೌಸು ಮನೇಲೂ ಹೊಲೀಬಹುದು ಅಂತಾರೆ. ಹೊರಗಿಂದ ಏನಾದ್ರೂ ದೊಡ್ಡ ಕೆಲಸ ಬಂದ್ರೆ ನಾನು ಬರೆದು ಒಪ್ಪಿಸ್ತೀನಿ. ಬೇಲೂರಲ್ಲಿ ಉಷಾ ಅಂತ ಒಬ್ಬರು ಪ್ರವಾಸಿಗಳಿಗೆ ತಂಗುಮನೆ ಕಟ್ಟಿಸಿದ್ದಾರೆ. ಕೋಣೆ ಗೋಡೆಗೆ ಹಾಕೋಕೆ ಇಲ್ಲಿಯವರ ಕೈಕೆಲಸ ಬೇಕಂತೆ. ಒಂದು ಮಾದರಿ ಮಾಡಿ ತೋರಿಸಿ.’

ಕೊಠಡಿಗೆ ಬಂದು ಹೆಂಗಸರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಗಂಗಮ್ಮ ಮೆಷಿನ್ನಿನ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಳು.

‘ಮನೇಲಿ ಹೊಲೀಬೌದಂತಾ? ನಮ್ಮನೇಗೆ ಬಂದು ನೋಡಕ್ಕೇಳಿ ಮೇಡಮ್ಮೋರೆ. ನಾನು ಮೆಷಿನ್ ಇಟ್ಕಂಡ್ರೆ ಅದರ ಮೇಲೆ ಹಾಲಿನ ಕ್ಯಾನ್ ಇಡ್ತಾರೆ. ನಾನು ಅಂತ ಕೂತ್ಕಳದು ಇದೊಂದ್ ರೂಮಲ್ಲೇ.’

ಆ ದಿನದಿಂದ ನನಗೆ ಕಾಲು ನಿಲ್ಲಲಿಲ್ಲ. ಆ ಕೊಠಡಿ ಉಳಿಯಬೇಕಿತ್ತು. ಅದನ್ನು ಉಳಿಸುವ ವಸ್ತು ಗೋಡೆಗೆ ತೂಗುಹಾಕುವ ಒಂದು ಪುಟ್ಟ ಕೌದಿ ಎಂದು ನಾನೇ ನಿರ್ಧರಿಸಿದೆ. ಮೇಲೊಂದು ತುಂಡುಬಟ್ಟೆ ಜೋಡಿಸಿದ ಪದರ, ನಡುವೆ ಹಳೆಯ ಹತ್ತಿಸೀರೆ, ಕೆಳಗೆ ಅಸ್ತರು, ಮೂರನ್ನೂ ಹಿಡಿದಿಡುವ ಕೈಹೊಲಿಗೆ. ನಮ್ಮ ಹೆಂಗಸರಿಗೆ ಹೊದೆಯುವ ಕೌದಿ ಗೊತ್ತು. ಗೋಡೆಗೆ ಹಾಕುವುದು ಹೊಸದು.

ಶಿವಲಿಂಗಪ್ಪನವರಿಗೆ ಅದರ ಮೇಲೆ ಶಿಲಾಬಾಲಿಕೆ ಬೇಕಿತ್ತು.

‘ಬೇಲೂರು ಹಳೇಬೀಡು ಅಂದ್ರೆ ಜನಕ್ಕೆ ಶಿಲಾಬಾಲಿಕೆ ಮೇಡಂ. ಚೌಕ, ತ್ರಿಕೋನ ಇಟ್ರೆ ಗಣಿತದ ಕ್ಲಾಸ್ ಅನ್ಕೋತಾರೆ.’

‘ಸಾರ್, ಹಿಂದೆ ಒಮ್ಮೆ ನಮ್ಮವರು ಬಟ್ಟೇಲಿ ಶಿಲಾಬಾಲಿಕೆ ಮಾಡಿದ್ದು ನಿಮಗೆ ನೆನಪಿಲ್ವಾ? ಕನ್ನಡಿ ಹಿಡಿದ ಸುಂದರಿ ಅಂತ ಬರೆದಿದ್ರು. ನೋಡಿದವರೆಲ್ಲ ರೊಟ್ಟಿ ಹೆಂಚು ಹಿಡ್ಕೊಂಡಿದ್ದಾಳೆ ಅಂದ್ರು.’

ಅವರು ಕಾಫಿ ಲೋಟದೊಳಗೆ ನಕ್ಕರು. ಚೌಕವೇ ಗೆದ್ದಿತು.

ನನ್ನ ವಾದ ಸರಳ. ಗುಡಿಯ ಶಿಲ್ಪವನ್ನು ಬಟ್ಟೆ ನಕಲು ಮಾಡಬಾರದು, ಸೋಲುತ್ತದೆ. ಆದರೆ ಆ ಗುಡಿಗಳು ನಿಂತಿರುವ ಕಲ್ಲುಕಟ್ಟೆ, ಜಗತಿಯನ್ನು ನೋಡಿ. ಗೋಡೆ ನೇರ ಹೋಗುವುದಿಲ್ಲ. ಒಳಗೆ ಮಡಿದು ಹೊರಗೆ ಬಂದು, ಮೂಲೆಯ ಪಕ್ಕ ಮೂಲೆ. ನಮ್ಮ ಅರಸೀಕೆರೆಯ ಶಿವಾಲಯದ ಮಂಟಪವೂ ಹಾಗೆಯೇ, ಮೇಲಿಂದ ನೋಡಿದರೆ ನಕ್ಷತ್ರ. ಅದರ ಗುಟ್ಟು ಚೌಕ. ಒಂದು ಚೌಕ ಬರೆಯಿರಿ. ಅದೇ ಅಳತೆಯ ಇನ್ನೊಂದನ್ನು ಅದರ ಮೇಲೆ ತಿರುಗಿಸಿ ಇಡಿ. ಎಂಟು ಮೂಲೆಯ ನಕ್ಷತ್ರ ಸಿಕ್ಕಿತು. ಇದು ಬಟ್ಟೆಗೆ ಒಪ್ಪುವ ಆಕಾರ, ಯಾಕೆಂದರೆ ಎಲ್ಲವೂ ನೇರ ಗೆರೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ನಾನು ಬರೆಯಲು ಕೂತೆ. ಚೌಕ ಬರೆದು, ಅಳಿಸಿ, ಕೇಂದ್ರ ಹುಡುಕಿ ಮತ್ತೆ ಬರೆಯುವಷ್ಟರಲ್ಲಿ ನಂದಿನಿ ಫೋನು ನನ್ನ ಮುಂದೆ ಹಿಡಿದಳು. ನಕ್ಷತ್ರ ಆಗಲೇ ಅಲ್ಲಿತ್ತು, ಬಣ್ಣವೂ ತುಂಬಿತ್ತು. ಬೆರಳು ತಾಗಿಸಿದರೆ ಕೆಂಪು, ಇನ್ನೊಮ್ಮೆ ತಾಗಿಸಿದರೆ ಹಸಿರು.

‘ಸಖತ್ತಾಗಿದೆ ಅಲ್ವಾ ಮೇಡಂ?’

ಸಖತ್ತಾಗಿತ್ತು. ಆದರೆ ಕ್ಯಾಲೆಂಡರ್ ಹಾಳೆಯನ್ನು ನಾನು ಬಿಡಲಿಲ್ಲ. ಫೋನಿನ ಗೆರೆಗೆ ದಪ್ಪವಿಲ್ಲ. ಬಟ್ಟೆಗೆ ಹೊಲಿಗೆಯ ಮಾರ್ಜಿನ್ ಬಿಡಬೇಕು, ಪ್ರತಿ ತುಂಡಿನ ಸುತ್ತಲೂ ಒಂದಿಷ್ಟು ಒಳಗೆ ಹೋಗುತ್ತದೆ. ಎಂಟು ಮೂಲೆ ಕೂಡುವ ಕಡೆ ಆ ಮಾರ್ಜಿನ್ನುಗಳೆಲ್ಲ ಒಂದರ ಮೇಲೊಂದು ಬಿದ್ದು ಗಂಟಾಗುತ್ತದೆ. ಕಾಗದ ಕತ್ತರಿಸಿ ಮೇಜಿನ ಮೇಲೆ ಜೋಡಿಸಿ ನೋಡಿದರೆ ಇದು ಕೈಗೆ ತಿಳಿಯುತ್ತದೆ. ಫೋನಿನಲ್ಲಿ ಯೋಚಿಸಿ, ಕಾಗದದಲ್ಲಿ ಒಪ್ಪಿಸಿ ಎಂದು ಇಬ್ಬರೂ ರಾಜಿಯಾದೆವು.

ಬಣ್ಣಕ್ಕೆ ಜಗಳ ಹೆಚ್ಚು. ಗಂಗಮ್ಮ ತನ್ನ ಗಂಟಿನಿಂದ ಇದ್ದಬದ್ದ ಬ್ಲೌಸ್ ತುಂಡುಗಳನ್ನೆಲ್ಲ ಸುರಿದಳು. ರಾಣಿ ಬಣ್ಣ, ಗಿಣಿ ಹಸಿರು, ಜರಿ ಅಂಚು.

‘ಮದುವೆ ಮನೆ ಚಪ್ಪರದಂಗಿರ್ಲಿ ಮೇಡಮ್ಮೋರೆ. ದುಡ್ ಕೊಡೋರು ಕಣ್ ತುಂಬ ನೋಡ್ಬೇಕಲ್ವಾ?’

‘ಕಣ್ಣು ತುಂಬಿದ್ರೆ ನಕ್ಷತ್ರ ಎಲ್ಲಿ ಕಾಣುತ್ತೆ ಗಂಗಮ್ಮ? ಕಣ್ಣು ಅರ್ಧ ಮುಚ್ಚಿ ನೋಡು. ಯಾವುದು ಮುಂದೆ ಬರುತ್ತೆ ಹೇಳು.’

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ‘ಎಲ್ಲಾ ಮುಂದೆ ಬತ್ತಾವೆ. ಒಂದನ್ನೊಂದು ತಳ್ಳಾಡ್ತಾವೆ.’

ಚಿಕ್ಕ ಕೌದಿಯಲ್ಲಿ ಆಕಾರವೂ ಕಡಿಮೆ, ಬಣ್ಣವೂ ಕಡಿಮೆ ಇರಬೇಕು. ಕೊನೆಗೆ ಉಳಿದದ್ದು ಗುಡಿಯ ಬಳಪದ ಕಲ್ಲಿನ ಹಾಗೆ ಎರಡು ಬೂದು, ಒಂದು ತಿಳಿ, ಒಂದು ದಟ್ಟ. ಹಿನ್ನೆಲೆಗೆ ಇಟ್ಟಿಗೆಯ ಕೆಂಪು. ಒಂದೇ ಒಂದು ಮೂಲೆಯಲ್ಲಿ ಅರಿಸಿನ ಬಣ್ಣದ ಪುಟ್ಟ ಚೌಕ, ಕಣ್ಣು ತಂಗಲಿ ಎಂದು. ನಕ್ಷತ್ರದ ಎಂಟು ಮೂಲೆಗೆ ಎಂಟು ತ್ರಿಕೋನ. ನಡುವಿನ ಎಂಟು ಬದಿಯ ಆಕಾರವನ್ನು ಒಬ್ಬಟ್ಟು ಹೋಳು ಮಾಡಿದ ಹಾಗೆ ಎಂಟು ಹೋಳು, ಒಂದು ತಿಳಿ ಬೂದು, ಒಂದು ದಟ್ಟ ಬೂದು. ಕಾಗದದ ಅಚ್ಚುಗಳ ಮೇಲೆ ಹೆಸರು ಬರೆದು, ಬಟ್ಟೆಯನ್ನು ಬಿಸಿಲಿಗೆ ಒಯ್ದು ನೋಡಿ, ಇಸ್ತ್ರಿ ಮಾಡಿಸಿ ಇಟ್ಟೆ. ಕತ್ತರಿಸುವ ದಿನ ನನಗೆ ಪಿಂಚಣಿ ಕಾಗದಕ್ಕೆ ಹಾಸನಕ್ಕೆ ಹೋಗಬೇಕಿತ್ತು. ‘ಕತ್ತರಿಸಿ ಹೊಲಿದಿಡಿ, ಬಂದು ನೋಡ್ತೀನಿ’ ಎಂದು ಹೇಳಿ ಹೋದೆ. ಎಳೆಯ ದಿಕ್ಕನ್ನು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಹೊಳೆಯಲೂ ಇಲ್ಲ. ಬೆಡ್‌ಶೀಟು, ದಿಂಬಿನ ಚೀಲ, ಮೇಜಿನ ಬಟ್ಟೆ ಎಲ್ಲವನ್ನೂ ನೇರ ಎಳೆಗೇ ಕತ್ತರಿಸುತ್ತಾರಲ್ಲ.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ನಕ್ಷತ್ರ ಇತ್ತು. ಮೂರು ಪದರ ಕೂಡಿಸಿ, ಅಂಚು ಕಟ್ಟಿ, ಕೈಹೊಲಿಗೆಯನ್ನೂ ಅರ್ಧಕ್ಕಿಂತ ಹೆಚ್ಚು ಹಾಕಿದ್ದರು. ಗೆರೆಗಳು ಕೂಡಿದ ಕಡೆ ಚೂರೂ ತಪ್ಪಿಲ್ಲ. ನಾನು ಸಂತೋಷದಿಂದ ಅಂಗೈ ಆಡಿಸಿದೆ. ನಟ್ಟನಡುವೆ ಕೈ ಎದ್ದು ಇಳಿಯಿತು. ಬಗ್ಗಿ ನೋಡಿದೆ. ನಕ್ಷತ್ರದ ನಡು ಬೋರಲು ಹಾಕಿದ ಬಟ್ಟಲಿನ ಹಾಗೆ ಮೇಲೆದ್ದು ನಿಂತಿತ್ತು. ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ.

‘ಮಲಗಲಿಲ್ಲ’ ಎಂದೆ.

‘ಬಸುರಿ ಅಲ್ವಾ, ಬೋರಲು ಹೆಂಗೆ ಮಲೀಕತ್ತಾಳೆ?’ ಎಂದಳು ಗಂಗಮ್ಮ. ಕೊಠಡಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಒಂದು ಹೋಳನ್ನು ಬೆಳಕಿಗೆ ಹಿಡಿದು ಎಳೆ ನೋಡಿದೆ. ಎಂಟನ್ನೂ ನೋಡಿದೆ. ಎಲ್ಲವೂ ಕ್ರಾಸ್.

‘ಯಾರು ಇದನ್ನು ಓರೆಗೆ ಕತ್ತರಿಸಿದ್ದು?’

‘ನಾವೆಲ್ಲಾನೂ. ಮುಂದ್ಗಡೆ ನಡೂಕೆ ಬರೋ ಪೀಸು ಅಲ್ವಾ ಮೇಡಮ್ಮೋರೆ? ಕ್ರಾಸೇ ಅಲ್ವಾ ಹಾಕದು?’

ತಪ್ಪು ಎಲ್ಲಿಂದ ಬಂತೆಂದು ಆಗ ತಿಳಿಯಿತು. ವರ್ಷಗಟ್ಟಲೆ ಅವರು ಹೊಲಿದದ್ದು ಬ್ಲೌಸು. ಬ್ಲೌಸಿನ ಮುಂಭಾಗದ ತುಂಡನ್ನು ಕ್ರಾಸ್ ಹಿಡಿದೇ ಕತ್ತರಿಸಬೇಕು, ಹೊಲಿಯುವಾಗ ಒಂದಿಷ್ಟು ಎಳೆದು ಹಿಡಿಯಬೇಕು, ಮೈಗೆ ತುಂಬಿ ಕೂರಲಿ ಎಂದು. ಅವರ ಕೈ ಗೋಡೆಯ ಕೌದಿಗೂ ಎದೆ ಮಾಡಿತ್ತು. ಹೀಗೆ ಎಳೆದ ಎಂಟು ಓರೆ ಅಂಚುಗಳು ಒಂದೇ ಬಿಂದುವಿಗೆ ಬಂದು ಸೇರಿದರೆ ಬಟ್ಟೆಗೆ ಮೇಲೇಳದೆ ಬೇರೆ ದಾರಿಯಿಲ್ಲ.

‘ಇದು ಗೋಡೆಗೆ ಹಾಕೋದಮ್ಮ, ಮೈಗೆ ಹಾಕೋದಲ್ಲ!’ ಎಂದು ಕೂಗಿದೆ. ಉಷಾ ಮರುದಿನ ಬರುವವರಿದ್ದರು. ಒಂದು ದಿನ ಸಿಕ್ಕಿದರೆ ಬಿಚ್ಚಿ, ನಡುವಿನ ಹೋಳುಗಳನ್ನಷ್ಟೇ ನೇರ ಎಳೆಗೆ ಕತ್ತರಿಸಿ ಕೂಡಿಸಬಹುದು. ನಾನು ಬ್ಲೇಡು ತೆಗೆದುಕೊಂಡೆ. ಇನ್ನೇನು ಮೊದಲ ಹೊಲಿಗೆಗೆ ಇಡಬೇಕು, ಹೊರಗೆ ಕಾರು ನಿಂತಿತು. ಉಷಾ ಒಂದು ದಿನ ಮೊದಲೇ ಬಂದಿದ್ದರು. ಹಿಂದೆಯೇ ಶಿವಲಿಂಗಪ್ಪನವರು, ಮುಖದಲ್ಲಿ ನಗು, ಹಣೆಯಲ್ಲಿ ಬೆವರು.

ಬ್ಲೇಡನ್ನು ಸೆರಗಿನೊಳಗೆ ಹಿಡಿದುಕೊಂಡೆ. ನಂದಿನಿ ಚುರುಕು, ನಾನು ಬೇಡ ಎನ್ನುವುದರೊಳಗೆ ಕೌದಿಯನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿಬಿಟ್ಟಳು. ಕಿಟಕಿಯ ಬೆಳಕು ಅಡ್ಡಲಾಗಿ ಬಿತ್ತು. ಉಬ್ಬಿದ ನಡುವಿನ ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ನೆರಳಾಯಿತು. ಉಷಾ ಹತ್ತಿರ ಹೋಗಿ ಅಂಗೈಯಿಂದ ನಡುವನ್ನು ಮೆಲ್ಲಗೆ ಒತ್ತಿದರು. ಬಿಟ್ಟರು. ಅದು ಎದ್ದಿತು.

‘ಇದು ಗುಡಿಯ ಒಳಗಿನ ಛಾವಣಿ ಅಲ್ವಾ? ನಡುವೆ ಗುಮ್ಮಟದ ಹಾಗೆ ಇರುತ್ತಲ್ಲ, ಭುವನೇಶ್ವರಿ. ಕೆಳಗೆ ನಿಂತು ತಲೆ ಎತ್ತಿ ನೋಡಿದ ಹಾಗಿದೆ.’

ನಾನು ಬರೆದದ್ದು ಜಗತಿ, ಕಾಲಡಿಯ ನೆಲ. ಅವರಿಗೆ ಕಂಡದ್ದು ತಲೆಯ ಮೇಲಿನ ಛಾವಣಿ. ಗಂಗಮ್ಮ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಸುಮ್ಮನಿರಿ ಎಂದು ಅರ್ಥ. ಆದರೆ ರುದ್ರಾಣಮ್ಮನ ಕೈಕೆಳಗೆ ಕಲಿತ ಬಾಯಿ ಸುಮ್ಮನಿರಲಿಲ್ಲ.

‘ಅಲ್ಲ ಮೇಡಂ. ಇದು ತಪ್ಪಾಗಿರೋದು. ಎಳೆ ತಪ್ಪಿ ಕತ್ತರಿಸಿದ್ದಾರೆ, ಅದಕ್ಕೇ ಎದ್ದಿದೆ. ನಾಳೆಯೊಳಗೆ ಸರಿ ಮಾಡಿ ಕೊಡ್ತೀನಿ.’

ಶಿವಲಿಂಗಪ್ಪನವರಿಗೆ ಕೆಮ್ಮು ಬಂತು. ಉಷಾ ನನ್ನನ್ನು ಒಮ್ಮೆ, ಕೌದಿಯನ್ನು ಒಮ್ಮೆ ನೋಡಿದರು.

‘ಸರಿ ಮಾಡಿದ್ರೆ ನನಗೆ ಬೇಡ. ಹೀಗೇ ಇದ್ರೆ ಎಲ್ಲ ಕೋಣೆಗೂ ಒಂದೊಂದು ಬೇಕು. ನಿಮ್ಮ ನಿವೃತ್ತಿಯ ಒಳಗೆ ಆಗುತ್ತಾ?’

ಕಾರು ಹೋದ ಮೇಲೆ ಶಿವಲಿಂಗಪ್ಪನವರು ಕುರ್ಚಿಯಲ್ಲಿ ಕುಸಿದರು. ‘ಮೇಡಂ, ನಿಮ್ಮ ಕೈಯಲ್ಲಿ ಬ್ಲೇಡು ಇತ್ತು, ನಾನು ನೋಡಿದೆ. ಅದಕ್ಕಿಂತ ನಿಮ್ಮ ಬಾಯಿ ಹರಿತ. ಇನ್ನು ಮೇಲೆ ಆಯಮ್ಮನ ಮುಂದೆ ಸತ್ಯ ಹೇಳಬೇಡಿ, ಕೈ ಮುಗೀತೀನಿ.’

ಕೆಲಸ ಸಿಕ್ಕಿತು. ನನ್ನ ಗೋಳು ಶುರುವಾದದ್ದು ಅಲ್ಲಿಂದ. ಸರಿಯಾದದ್ದನ್ನು ಹತ್ತು ಸಲ ಒಂದೇ ಥರ ಮಾಡಿಸುವುದು ನನಗೆ ಗೊತ್ತು. ತಪ್ಪನ್ನು ಹತ್ತು ಸಲ ಒಂದೇ ಥರ ಮಾಡಿಸುವುದು ಹೇಗೆ?

ಕ್ರಮವಾಗಿಯೇ ಹೊರಟೆ. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಓರೆಗೆರೆ ನಾನೇ ಎಳೆದೆ. ಎಂಟೂ ಹೋಳು ಕ್ರಾಸ್. ಪ್ರತಿಯೊಬ್ಬಳ ಹಿಂದೆ ನಿಂತು ಕತ್ತರಿಸುವುದನ್ನು ನೋಡಿದೆ, ಹೊಲಿಯುವುದನ್ನು ನೋಡಿದೆ. ಮುಗಿದದ್ದನ್ನು ಮೇಜಿನ ಮೇಲೆ ಹಾಸಿ ಕೈ ಆಡಿಸಿದೆ. ಮಲಗಿತ್ತು. ಅಂಗೈಗೆ ಏನೂ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಚೊಕ್ಕವಾಗಿ ಮಲಗಿದ ಹೊಲಿಗೆಯನ್ನು ಕಂಡು ಎದೆ ಧಸಕ್ಕೆಂದಿತು.

ಎರಡನೆಯದೂ ಮಲಗಿತು. ಮೂರನೆಯದಕ್ಕೆ, ‘ಎಳೆದು ಹೊಲೀರಿ’ ಎಂದೆ. ಎಳೆದರು. ಅಂಚೆಲ್ಲ ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿತು, ನಡು ಮಾತ್ರ ಏಳಲಿಲ್ಲ. ನಾಲ್ಕನೆಯದಕ್ಕೆ ಎಷ್ಟು ಎಳೆಯಬೇಕೆಂದು ನಾನೇ ಕೈ ಹಿಡಿದು ತೋರಿಸಿದೆ, ಬಟ್ಟೆ ಹರಿಯಿತು. ಬೂದು ಬಟ್ಟೆ ತರಲು ಮತ್ತೆ ಅರಸೀಕೆರೆ. ಬಸ್ಸಿನಲ್ಲಿ ನಿಂತು, ಮನೆಯಲ್ಲಿ ನಿಂತು, ಅಡುಗೆ ಮಾಡುತ್ತ ಮಾಡುತ್ತ ನಾನು ಕೈಯಲ್ಲಿ ಗಾಳಿಯನ್ನು ಎಳೆದು ನೋಡುತ್ತಿದ್ದೆ. ‘ಅಮ್ಮ, ಯಾರ ಕುತ್ತಿಗೆ ಅದು?’ ಎಂದಳು ಮಗಳು.

ದಿನಗಳು ಹೋಗುತ್ತಿದ್ದವು. ಶಿವಲಿಂಗಪ್ಪನವರು ಬಾಗಿಲಿಗೆ ಬಂದು, ‘ಎದ್ದಿತಾ?’ ಎಂದು ಕೇಳುವರು. ‘ಇಲ್ಲ ಸಾರ್, ಮಲಗಿದೆ’ ಎಂದರೆ ತಲೆ ತಗ್ಗಿಸಿ ಹೋಗುವರು. ದಾರಿಯಲ್ಲಿ ಕೇಳಿದವರು ಮನೆಯಲ್ಲಿ ಯಾರಿಗೋ ಕಾಯಿಲೆ ಎಂದುಕೊಂಡಿರಬೇಕು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಂದಿನಿ ಡಬ್ಬಿ ಮುಚ್ಚುತ್ತ ಕೇಳಿದಳು.

‘ಮೇಡಂ, ಮೊದಲನೇದು ಹೊಲಿದ ದಿನ ನೀವು ಎಲ್ಲಿದ್ರಿ?’

‘ಹಾಸನದಲ್ಲಿ. ಯಾಕೆ?’

ಅವಳು ಗಂಗಮ್ಮನ ಮುಖ ನೋಡಿದಳು. ಗಂಗಮ್ಮ ಅನ್ನ ಕಲಸುತ್ತ ಕೂತಿದ್ದಳು.

‘ಅವತ್ತು ನಾವು ಅದೂ ಇದೂ ಮಾತಾಡ್ಕಂಡು ಹೊಲ್ದೊ ಮೇಡಮ್ಮೋರೆ. ನಮ್ಮತ್ತೆ ಕತೆ ಹೇಳ್ತಾ ಇದ್ನಾ, ಸಿಟ್ಟು ಬಂದು ಬಟ್ಟೇನ ರವಷ್ಟು ಜಗ್ಗಿರ್ಬೇಕು. ಈಗ ನೀವು ಬೆನ್ ಹಿಂದೆ ನಿಂತಿರ್ತೀರಾ. ನಿಮ್ ಚಪ್ಪಲಿ ಸದ್ದು ಕೇಳುದ್ರೆ ನನ್ ಕಾಲು ಪೆಡಲ್ ಮೇಲೇ ನಿಂತೋಯ್ತದೆ. ಇನ್ನು ಕೈ ಎಲ್ಲಿ ಜಗ್ತದೆ?’

ನನಗೆ ಕಿವಿ ಬಿಸಿಯಾಯಿತು. ಆದರೂ ಬಟ್ಟೆಯ ಮಾತನ್ನು ಬಟ್ಟೆಯ ಮಾತಾಗಿಯೇ ಕೇಳಬೇಕು. ಕೈ ಬಿಗಿಹಿಡಿದರೆ ಬಟ್ಟೆ ಮೆಷಿನ್ನಿಗೆ ನೇರ ಹೋಗುತ್ತದೆ. ಕೈ ತನ್ನ ಪಾಡಿಗೆ ಬ್ಲೌಸು ಹೊಲಿಯುವ ಹಾಗೆ ಹೊಲಿದರೆ ಓರೆ ಎಳೆ ಹದವಾಗಿ ಹಿಗ್ಗುತ್ತದೆ. ಹೇಳಿಕೊಟ್ಟು ಬರುವ ಎಳೆತವಲ್ಲ ಅದು. ಅವಳು ಹೇಳಿದ್ದು ಸರಿಯಿತ್ತು.

‘ಹಾಗಾದರೆ ನಾನು ಹೋಗಿ ಬರ್ತೀನಿ’ ಎಂದು ಎದ್ದೆ.

ಹೊರಗೆ ಹೋಗುವುದು ಎಷ್ಟು ಕಷ್ಟದ ಕೆಲಸವೆಂದು ನಿಮಗೆ ಹೇಳಲಾರೆ. ಬಸ್‌ ನಿಲ್ದಾಣದ ತನಕ ಹೋಗಿ ಕಾಫಿ ಕುಡಿದೆ. ಅರ್ಧ ಲೋಟ ಬಿಟ್ಟು ವಾಪಸು ಬಂದು ಕಿಟಕಿಯಲ್ಲಿ ಇಣುಕಿದೆ. ಒಳಗೆ ಮಾತು ನಿಂತಿತು, ಮೆಷಿನ್ನುಗಳ ಸದ್ದು ಇಳಿಯಿತು. ಆ ದಿನದ್ದೂ ಮಲಗಿತು. ‘ನೆರಳು ಕಂಡ್ತು ಮೇಡಂ’ ಎಂದಳು ನಂದಿನಿ, ಬೇಜಾರಿನಿಂದ.

ಮಾರನೆಯ ದಿನ ಬಸ್ತಿಹಳ್ಳಿಯ ತನಕ ನಡೆದೆ. ಅಲ್ಲಿಯ ಬಸದಿಗಳಲ್ಲಿ ಜನ ಕಡಿಮೆ. ಒಳಗಿನ ಕಂಬಗಳನ್ನು ಕನ್ನಡಿಯ ಹಾಗೆ ನುಣುಪು ಮಾಡಿದ್ದಾರೆ. ಅದರಲ್ಲಿ ನಾನು ಸೂಜಿಯಷ್ಟು ತೆಳ್ಳಗೆ, ಉದ್ದಕ್ಕೆ ಕಂಡೆ. ಎದುರಿಗೆ ಬರುವವರಿಗೆ ಚುಚ್ಚಲೆಂದೇ ನಿಂತ ಹಾಗೆ. ಕಾವಲಿನವನು, ‘ಕೂತ್ಕಳಿ ಅಮ್ಮ, ತಂಪಾಗೈತೆ’ ಎಂದ. ಕೂರಲಿಲ್ಲ. ಕಂಬ ಸುತ್ತಿದೆ, ಅಂಗಳ ಸುತ್ತಿದೆ. ತಲೆಯೊಳಗೆ ಗಂಗಮ್ಮನ ಮೆಷಿನ್ನು ಓಡುತ್ತಲೇ ಇತ್ತು. ಈಗ ಯಾವ ಹೋಳು ಕೂಡಿಸುತ್ತಿದ್ದಾಳೋ, ದಾರ ತುಂಡಾಯಿತೋ, 'ಮೇಡಂ ಇಲ್ಲ' ಎಂದು ಎಲ್ಲರೂ ಎದ್ದು ಹೋದರೋ. ಎರಡು ಸಲ ರಸ್ತೆಯ ತನಕ ಬಂದು ಎರಡು ಸಲ ತಿರುಗಿ ಹೋದೆ.

ಸಂಜೆ ಬಾಗಿಲಲ್ಲಿ ಬೇಕೆಂದೇ ಕೆಮ್ಮಿ ಒಳಗೆ ಬಂದೆ. ಮೇಜಿನ ಮೇಲೆ ಕೌದಿ. ಕೈ ಆಡಿಸಿದೆ. ನಡುವೆ ಅಂಗೈ ಮೆಲ್ಲಗೆ ಎದ್ದು, ಮೆಲ್ಲಗೆ ಇಳಿಯಿತು.

‘ಏನವ್ವಾ ಗಂಗಮ್ಮ, ಇವತ್ತು ಯಾರ ಕತೆ?’

‘ನಿಮ್ದೇ ಮೇಡಮ್ಮೋರೆ’ ಎಂದಳು. ಆಗ ಎಲ್ಲರ ಜೊತೆ ನಾನೂ ನಕ್ಕೆ.

ಆಮೇಲೆ ಕ್ರಮ ಬದಲಾಯಿತು. ಬೆಳಿಗ್ಗೆ ನಾನು ಬಟ್ಟೆ ಬಿಸಿಲಿಗೆ ನೋಡಿ, ಅಚ್ಚು ಕೊಟ್ಟು, ಗೆರೆ ಹಾಕಿ ಹೊರಡುವುದು. ಸಂಜೆ ಬಂದು ಕೈ ಆಡಿಸುವುದು. ಒಂದರ ಉಬ್ಬು ತುಸು ಹೆಚ್ಚು, ಇನ್ನೊಂದರದು ಕಡಿಮೆ, ಎಲ್ಲವೂ ಉಬ್ಬಿದ್ದವು. ನನ್ನ ಕಾಲಿಗೆ ಊರಿನ ರಸ್ತೆಗಳೆಲ್ಲ ಪರಿಚಯವಾದವು. ಕಾಫಿ ಅಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಲೋಟ ಇಡುತ್ತಿದ್ದ.

ಕೊನೆಗೆ ಒಂದು ಕೌದಿ ಕಡಿಮೆ ಬಿತ್ತು. ಗಂಗಮ್ಮನ ಹಸು ಕರು ಹಾಕಿ ಅವಳು ರಜೆ ಹಾಕಿದ್ದಳು. ಅದನ್ನು ನಾನೇ ಅರಸೀಕೆರೆಯ ಮನೆಯಲ್ಲಿ ಹೊಲಿದೆ. ಅದೇ ಬಟ್ಟೆ, ಅದೇ ಕ್ರಾಸ್, ಅದೇ ಅಚ್ಚು. ಹಿಂದೆ ನಿಲ್ಲುವವರು ಯಾರೂ ಇಲ್ಲ. ಸಿಟ್ಟು ಬರಲಿ ಎಂದು ನೀಲಿ ಬಟ್ಟೆ ತಂದಿದ್ದ ಆ ಮೇಲಧಿಕಾರಿಯನ್ನೂ ನೆನೆಸಿಕೊಂಡೆ. ಮುಗಿಸಿ ಕೈ ಆಡಿಸಿದೆ. ಗಾಜಿನ ಹಾಗೆ ಮಲಗಿತ್ತು. ಎರಡು ಸಲ ಬಿಚ್ಚಿ ಹೊಲಿದೆ. ಎರಡು ಸಲವೂ ಮಲಗಿತು. ಹೊತ್ತು ಮೀರಿತ್ತು, ಉಳಿದವುಗಳ ನಡುವೆ ಸೇರಿಸಿ ಕಟ್ಟಿದೆ.

ಬೇಲೂರಿಗೆ ನಾವೆಲ್ಲ ಒಟ್ಟಿಗೆ ಹೋದೆವು. ಉಷಾ ಕೌದಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹಾಸಿ ಒಂದೊಂದನ್ನೇ ಒತ್ತಿ ನೋಡಿದರು. ಎಲ್ಲವೂ ಬೇರೆ ಬೇರೆ ಥರ ಎದ್ದಿರುವುದೇ ಅವರಿಗೆ ಹಿಡಿಸಿತು. ಒಂದರ ಬಳಿ ಬಂದು ಕೈ ನಿಲ್ಲಿಸಿದರು.

‘ಇದು ಮಾತ್ರ ಯಾಕೋ ಸುಮ್ಮನಿದೆ. ಯಾರು ಹೊಲಿದದ್ದು?’

ಶಿವಲಿಂಗಪ್ಪನವರು ಕಿಟಕಿಯ ಹೊರಗೆ ನೋಡಿದರು. ನಂದಿನಿ ಫೋನು ನೋಡಿದಳು. ಗಂಗಮ್ಮ ಮಾತ್ರ ಎದೆ ಸೆಟೆಸಿ, ‘ನಾನೇ ಕಣ್ರೀ. ಕರು ಹುಟ್ಟಿತ್ತು, ಗ್ಯಾನ ಎಲ್ಲೋ ಇತ್ತು’ ಎಂದಳು.

‘ಅವಳಲ್ಲ, ನಾನು’ ಎಂದೆ. ‘ಬೇರೆ ಮಾಡಿಸಿ ಕಳಿಸ್ತೀನಿ. ಇದು ನನಗಿರಲಿ.’

ಆ ಬದಲಿ ಕೌದಿಯನ್ನು ಗಂಗಮ್ಮ ನನ್ನ ಕೆಲಸದ ಕೊನೆಯ ವಾರದಲ್ಲಿ ಹೊಲಿದುಕೊಟ್ಟಳು. ಉಷಾ ಇನ್ನೊಂದು ಕಡೆ ಕಟ್ಟುತ್ತಿದ್ದ ಮನೆಗೂ ಬೇಕೆಂದರು. ಶಿವಲಿಂಗಪ್ಪನವರು ಮೇಲಿನವರಿಗೆ ಬರೆದರು, ಹೋಗಿ ಕೂತು ಬಂದರು, ಮತ್ತೆ ಬರೆದರು. ಕೊಠಡಿ ಗೋದಾಮು ಆಗಲಿಲ್ಲ. ನನ್ನ ಜಾಗಕ್ಕೆ ಒಬ್ಬ ಹುಡುಗಿಯನ್ನು ಹಾಕಿದರು. ಚೆನ್ನಾಗಿ ಓದಿದವಳು, ಶಿಸ್ತಿನವಳು. ಎಳೆಯ ಪಾಠ ನಾನು ಹೇಳುವ ಮೊದಲೇ ಗೊತ್ತಿತ್ತು. ಕತ್ತರಿ, ಅಚ್ಚು, ಬೀಗದ ಕೈ ಒಪ್ಪಿಸಿ ಬಂದೆ.

ಮೊನ್ನೆ ಮನೆಯಲ್ಲಿ ಪರದೆಗಳನ್ನು ಇಳಿಸಿ ಇಸ್ತ್ರಿ ಮಾಡುತ್ತಿದ್ದೆ. ಕೊಳೆಯಾಗಿರಲಿಲ್ಲ, ನನಗೆ ಕೂರಲು ಆಗಿರಲಿಲ್ಲ. ಆ ಹುಡುಗಿಯ ಫೋನು ಬಂತು. ದನಿ ಅಳುವ ಹಾಗಿತ್ತು.

‘ಮೇಡಂ, ಹೊಸ ಆರ್ಡರಿನ ಕೌದಿ ಶುರು ಮಾಡಿದ್ವಿ. ಎಲ್ಲಾ ನೀವು ಹೇಳಿದ ಹಾಗೇ ಮಾಡಿಸ್ತಿದ್ದೀನಿ. ಕ್ರಾಸ್ ಕತ್ತರಿಸ್ತಿದ್ದಾರೆ, ಅಚ್ಚು ಸರಿ ಇದೆ. ಒಂದೂ ಉಬ್ತಾ ಇಲ್ಲ.’

ಹಿಂದೆ ಮೆಷಿನ್ನುಗಳ ಸದ್ದು ಕೇಳುತ್ತಿತ್ತು. ತೀರಾ ನಿಧಾನವಾಗಿ ಓಡುತ್ತಿದ್ದವು. ಯಾರೂ ಮಾತಾಡುತ್ತಿರಲಿಲ್ಲ.

‘ನೀನು ಈಗ ಎಲ್ಲಿದ್ದೀಯಮ್ಮ?’

‘ಇಲ್ಲೇ ಮೇಡಂ, ಗಂಗಮ್ಮನ ಹಿಂದೇನೇ ನಿಂತಿದ್ದೀನಿ.’

‘ಹೋಗಿ ಕಾಫಿ ಕುಡಿದು ಬಾ.’

‘ಈಗ ತಾನೇ ಕುಡಿದೆ ಮೇಡಂ.’

‘ಇನ್ನೊಂದು ಕುಡಿ’ ಎಂದೆ.